ಪಣಜಿಯಲ್ಲಿ ಚೌಕಾಬಾರ

ಜರಗನಹಳ್ಳಿ, ಭಾನುವಾರ

ನನ್ನ ಮುದ್ದು ಸೊಸೆ ಪಲ್ಲವಿಗೆ ಅತ್ತೆಯ ಆಶೀರ್ವಾದ.

ಗೆದ್ದೆವು ಕಣಮ್ಮ! "ಮಕ್ಕಳ ನೆಪದಲ್ಲಿ ಜೂಜಿನೂರಿಗೆ ಹೊರಟಿದ್ದಾರೆ, ನಾನು ಬರಲ್ಲ" ಎಂದು ವಸಂತಪುರದ ತವರಿಗೆ ಹೋದೆಯಲ್ಲ, ನಿನ್ನ ಅನುಮಾನ ಸುಳ್ಳಲ್ಲ. ಪಣಜಿ ತಲುಪಿದ ಸಂಜೆಯೇ ಶಶಿಧರ ಬೂಟು ಹಾಕಿಕೊಂಡ. ಕಿಟಕಿಯಾಚೆ ನದಿಯಲ್ಲಿ ಕ್ಯಾಸಿನೊ ಹಡಗು ಮದುವೆ ಮನೆಯ ಹಾಗೆ ಬೆಳಗುತ್ತಿತ್ತು.

"ಅಮ್ಮಾ, ಮಕ್ಕಳನ್ನ ನೋಡ್ಕೋ, ಈಗ ಬಂದ್ಬಿಡ್ತೀನಿ" ಅಂದ.

ನಾನು ಬೇಡ ಅನ್ನಲಿಲ್ಲ. ಹೋಟೆಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಎಲೆಅಡಿಕೆ ಚೀಲದಿಂದ ಕವಡೆ ತೆಗೆದೆ. "ಒಂದೇ ಆಟ ಆಡಿ ಹೋಗಪ್ಪ." ಬೂಟು ಹಾಕಿಕೊಂಡೇ ಕುಕ್ಕರಗಾಲಲ್ಲಿ ಕೂತ. ಇನ್ನೇನು ಹಣ್ಣಾಗಲಿದ್ದ ಅವನ ಕಾಯಿಯನ್ನು ನಿನ್ನ ಮಗಳು ಧೃತಿ ಕಡಿದೇಬಿಟ್ಟಳು!

"ಅಪ್ಪಾ, ಸೋತು ಓಡ್ಹೋಗ್ತಿದೀಯಾ?"

"ಯಾರೇ ಓಡೋದು? ಹಾಕು ಕವಡೆ!" ಎಂದವನು ಬೂಟು ಬಿಚ್ಚಿ ಚಕ್ಕಳಮಕ್ಕಳ ಹಾಕಿ ಕೂತ.

ಸ್ವಲ್ಪ ಹೊತ್ತಿಗೆ ರೇವಂತ ಕಿಟಕಿಯಲ್ಲಿ ಇಣುಕಿ, "ಅಪ್ಪಾ, ಹಡಗಿಗೆ ಹೋಗೋ ದೋಣಿ ಹೊರಟೋಯ್ತು" ಎಂದ.

"ಹೋಗ್ಲಿ ಬಿಡೋ, ನಂಗೆ ಬಾರಾ ಬಿದ್ದಿದೆ!"

ಮರುದಿನ ಸಂಜೆ ಅವನೇ ಸೀಮೆಸುಣ್ಣ ಹಿಡಿದು ಬಂದ. ಊರಿಗೆ ಹೊರಡುವವರೆಗೂ ಆ ಹಡಗು ಹತ್ತಲಿಲ್ಲ.

ಈಗ ಮನೆಯಲ್ಲೂ ದಿನಾ ಸಂಜೆ ಇದೇ ಗಲಾಟೆ. ನಾಲ್ವರ ಆಟ, ನನಗೋ ಮಂಡಿ ನೋವು, ಇನ್ನು ನೆಲದಲ್ಲಿ ಕೂರಲಾರೆ. ನನ್ನ ಜಾಗಕ್ಕೆ ನೀನು ಬಾ. ಬರುವಾಗ ಸೀಮೆಸುಣ್ಣ ತಾರಮ್ಮ, ಇದ್ದದ್ದೆಲ್ಲ ಮುಗಿಯಿತು.

ಬಾಗಿಲು ತೆರೆದಿಟ್ಟಿರುವ ನಿನ್ನ ಅತ್ತೆ,
ಪುಟ್ಟತಾಯಮ್ಮ