ಪ್ರಿಂಟರಿಗೆ ಹಚ್ಚಿದ ಕುಂಕುಮ

ರೀ,
ನಾನು ಹಲವಾಗಲು ಊರಿಗೆ ಹೊಂಟೀನಿ. ವಿಧವಾ ವೇತನದ ಹದಿನಾಲ್ಕೂ ಅರ್ಜಿ ಸಂಜಿಯೊಳಗ ಪ್ರಿಂಟ್ ಆಗಿರಬೇಕು, ನಾಳೆ ನಾಡಕಚೇರಿಗೆ ಕೊಡೋದೈತಿ.

ಎಲ್ಲಾ ಒಮ್ಮೆಲೆ ಒತ್ತಬ್ಯಾಡ್ರಿ. ನಮ್ಮ ಅಂಗಡಿ ಮುದಿ ಕಂಪ್ಯೂಟರೂ ನಿಮ್ಮಂಗ. ಒಂದು ಕೆಲಸ ಮುಗಿಯೋದರೊಳಗ ಇನ್ನೊಂದು ಹೇಳಿದ್ರ ಮಲಗಿಬಿಡತೈತಿ. ಒಂದು ಅರ್ಜಿ ಹೊರಗ ಬಂದ ಮ್ಯಾಲ ಇನ್ನೊಂದು ಒತ್ರಿ.

ಅದಕ್ಕೂ ಮೊದಲು ಬ್ರಷ್ ತಗೊಂಡು ಕುಂಕುಮ ಉದುರಿಸ್ರಿ. ಆಯುಧಪೂಜಿಗೆ ಪ್ರಿಂಟರ್ ಬಾಯಾಗ ಮುಷ್ಟಿಗಟ್ಟಲೆ ಸುರಿದ ಪುಣ್ಯಾತ್ಮರು ನೀವೇ ಅಲ್ರಿ? ಮತ್ತ ಊದಿನಕಡ್ಡಿ ಹಚ್ಚಿಗಿಚ್ಚೀರಿ!

ನಿನ್ನೆ ಗಾಳೆಮ್ಮನ ಅರ್ಜಿ ಕೆಟ್ಟೈತಿ; ಫೋಟೋದಾಗ ಸರಿಯಾಗಿ ಆಕಿ ಹಣಿಗೇ ಕುಂಕುಮ ಮೆತ್ತೈತಿ. ಆ ಅರ್ಜಿ ಇನ್ನೊಮ್ಮೆ ಪ್ರಿಂಟ್ ತೆಗೀರಿ.

ಕೆಟ್ಟ ಹಾಳಿ ಮಾತ್ರ ಹರೀಬ್ಯಾಡ್ರಿ. ‘ಗಂಡ ತೀರಿ ಆರು ವರ್ಷಕ್ಕ ಹಿಂಗ ಕಂಡೀನಿ, ಅದು ನನಗ ಬೇಕು’ ಅಂದಾಳ ಗಾಳೆಮ್ಮ.