ಏಳನೆಯ ಅಧ್ಯಾಯ ಮುಗಿದಲ್ಲಿ

ನಾಶಿಕ
ಕಾರ್ತಿಕ ಏಕಾದಶಿ, ೧-೧೧-೨೦೨೫

ಪ್ರೀತಿಯ ಸುಗುಣಕ್ಕನಿಗೆ ತಂಗಿ ಮಂಗಲಾಳ ನಮಸ್ಕಾರಗಳು.

ಇವತ್ತು ಉಪವಾಸ, ಬರೀ ನೀರು. ಬಾಗಿಲ ಮುಂದಿನ ಎರಡು ಫರಶಿಕಲ್ಲು ತೊಳೆದು ರಂಗೋಲಿ ಹಾಕಿ, ತುಳಸಿಗೆ ನೀರೆರೆದು, ಇವರಿಗೆ ಸಾಬೂದಾಣಿ ಖಿಚಡಿ ಮಾಡಿಟ್ಟು ಕುಳಿತಿದ್ದೇನೆ. ಕುಳಿತಿದ್ದೇನೆ ಎನ್ನುವುದೂ ಸುಳ್ಳೇ, ಆಗಲೇ ಮೂರು ಸಲ ಎದ್ದಾಯಿತು. ನಿನ್ನ ಮೊಣಕಾಲು ಹೇಗಿದೆ? ಭಾವನವರ ಸಕ್ಕರೆ ಇಳಿಯಿತೇ? ನಿಮ್ಮ ಸಂಭಾಜಿನಗರದಲ್ಲಿ ಈಗ ನೀರು ದಿನಾ ಬರುತ್ತದೆಯೋ, ಅದೇ ಹಳೇ ಕಥೆಯೋ?

ನೀನು ಕೇಳಿದ್ದ ಅವ್ವನ ಸಿ.ಡಿ. ಆಗುತ್ತಾ ಬಂತು. ಹೋದ ವರ್ಷ ಅವ್ವ ತೀರಿಕೊಳ್ಳುವ ಹನ್ನೆರಡು ದಿನ ಮೊದಲು, ನಮ್ಮ ದೇವರ ಮುಂದೆ ಕುಳಿತು ಹೇಳಿದ ಗೌರಿ ಕಥೆ ಅದು. ಮಗ ನಿತೀಶ ಮೊಬೈಲಿನಲ್ಲಿ ಹಿಡಿದದ್ದು, ಒಂದು ತಾಸು ಹತ್ತು ನಿಮಿಷ, ಒಂದೇ ಉದ್ದಕ್ಕೆ. "ದಿನಾ ಒಂದೊಂದ ಅಧ್ಯಾಯ ಕೇಳತೀನಿ, ಗುಂಡಿ ಒತ್ತಿದ್ರ ಅಲ್ಲಿಂದನ ಶುರು ಆಗೂ ಹಂಗ ಮಾಡಸು" ಎಂದಿದ್ದೆಯಲ್ಲ, ಭಜನಿ ಮಂಡಳಿಯವರಿಗೆ ಸಿ.ಡಿ. ಮಾಡಿಕೊಡುವ ಅತುಲನಿಗೆ ಒಪ್ಪಿಸಿದೆ. ಅವನು ಹನ್ನೆರಡು ತುಂಡು ಮಾಡಿ, ನಡುನಡುವೆ ಎರಡೆರಡು ಸೆಕೆಂಡು ಖಾಲಿ ಬಿಟ್ಟು ಮಾಡಿಕೊಟ್ಟ. ಕಥೆ ನಡುವೆ ನಿಂತರೆ ದೀಪಕ್ಕೆ ಹೊಸ ಬತ್ತಿ ಹಾಕಿ ಮೊದಲಿನಿಂದ ಹೇಳಬೇಕೆಂಬುದು ಅವ್ವನ ಕಟ್ಟಳೆ. ಮನೆಯಲ್ಲಿ ಸಿ.ಡಿ. ಹಚ್ಚಿ ನೋಡಿದರೆ ಮೊದಲನೆಯ ಅಧ್ಯಾಯ ಮುಗಿದು ಸದ್ದು ನಿಂತಿತು. ಓಡಿಹೋಗಿ ಬತ್ತಿ ಬದಲಿಸಿ ಮೊದಲಿನಿಂದ ಹಚ್ಚಿದೆ. ಮತ್ತೆ ಅಲ್ಲಿಯೇ ನಿಂತಿತು. ನಾಲ್ಕು ಬತ್ತಿ ಹೋದವು. "ಅಲ್ಲ ಮಂಗಲಾ, ಇವತ್ತ ಗೌರಿ ತವರುಮನಿ ಬಾಗಿಲಾ ದಾಟತಾಳೋ ಇಲ್ಲೋ?" ಎಂದು ಇವರು ನಕ್ಕರು. ನನಗೆ ನಗು ಬರಲಿಲ್ಲ.

ಅವ್ವ ಒಂದು ಅಧ್ಯಾಯದ ಕೊನೆಯ ಮಾತನ್ನೇ ಎತ್ತಿಕೊಂಡು, ಉಸಿರು ಬಿಡದೆ ಮುಂದಿನದಕ್ಕೆ ಹೋಗುತ್ತಾಳೆ, ಎಲ್ಲಿಂದ ಕತ್ತರಿಸುವುದು? ಅತುಲ ಈಗ ಕತ್ತರಿಸದೆ ಅಲ್ಲಲ್ಲಿ ಗುರುತು ಮಾತ್ರ ಹಾಕಿದ್ದಾನೆ. ಗುಂಡಿ ಒತ್ತಿದರೆ ಬೇಕಾದ ಅಧ್ಯಾಯ, ಒತ್ತದಿದ್ದರೆ ಹರಿಯುವ ನೀರಿನಂತೆ ಒಂದೇ ಕಥೆ. ಹತ್ತು ಕಡೆ ಸರಿಹೋಯಿತು. ಏಳನೆಯ ಅಧ್ಯಾಯ ಮುಗಿದಲ್ಲಿ ಮಾತ್ರ ಅವ್ವ ತಾನೇ ನಿಲ್ಲುತ್ತಾಳೆ. ನನ್ನನ್ನು ಒಂದು ಮಾತು ಕೇಳುತ್ತಾಳೆ, ನಾನು ಉತ್ತರ ಕೊಡುತ್ತೇನೆ. ಆಮೇಲೆ ಎಂಟನೆಯದನ್ನು ಶುರು ಮಾಡುತ್ತಾಳೆ. ಬತ್ತಿ ಬದಲಿಸು ಎನ್ನಲಿಲ್ಲ ಅಕ್ಕಾ, ಮೊದಲಿನಿಂದ ಹೇಳಲೂ ಇಲ್ಲ. ಆ ಅವ್ವ!

ಅಷ್ಟನ್ನು ತೆಗೆದು ಎರಡೂ ಕಡೆ ಕೂಡಿಸಿದರೆ "ಕಾಕೂ, ಕೋಣಾಲಾ ಕಳಣಾರ್ ನಾಹೀ" ಎಂದ ಅತುಲ, ಯಾರಿಗೂ ತಿಳಿಯುವುದಿಲ್ಲವಂತೆ. ನಿನ್ನೆ ತೆಗೆಯಪ್ಪಾ ಎಂದೆ. ಅರ್ಧ ದಾರಿಯಿಂದ ಹಿಂದಿರುಗಿ ಬೇಡವೆಂದೆ. ಇವತ್ತು ಬೆಳಿಗ್ಗೆ ಫೋನು ಮಾಡಿ ತೆಗೆದುಬಿಡು ಎಂದೆ. ಆ ಹುಡುಗನಿಗೂ ಸಾಕಾಗಿದೆ. ಜಪಕ್ಕೆ ಕುಳಿತರೆ ಮಣಿಗಳ ಲೆಕ್ಕ ತಪ್ಪುತ್ತಿದೆ.

ಭಾವನವರಿಗೆ ನಮಸ್ಕಾರ, ಮಗಳು ಅಶ್ವಿತಾಳಿಗೆ ಆಶೀರ್ವಾದ. ಗೌರಿ ತಾಯಿ ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಮಂಗಲಾ

ತಾ.ಕ.: ಅವ್ವ ಕೇಳಿದ್ದು, "ಸುಗುಣಾಗ ಹೇಳಿಕಳಿಸಿದೇನ?" ನಾನು ಅಂದದ್ದು, "ಹೇಳೀನವ್ವಾ, ಅಕೀಗೆ ಬರಾಕ ಆಗೂದಿಲ್ಲಂತ." ನಾನು ನಿನಗೆ ಹೇಳಿಯೇ ಇರಲಿಲ್ಲ. ನೀನು ಬಂದರೆ ಅವ್ವನ ಹಿಂದೆ ದನಿಗೂಡಿಸುವವಳು ನೀನಾಗುತ್ತೀ, ನಾನು ತಾಳ ಹಿಡಿದು ಕೂಡಬೇಕು ಎಂಬ ಹೊಟ್ಟೆಕಿಚ್ಚು. ಅವ್ವನ ಹದಿಮೂರನೆಯ ದಿನ ನೀನು "ಅವ್ವ ನನ್ನ ಕರೀಲೇ ಇಲ್ಲ" ಎಂದು ಅತ್ತಾಗಲೂ ಬಾಯಿ ಬಿಡಲಿಲ್ಲ. ಫೋನಿನಲ್ಲಿ ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ಅವ್ವ ನಿನ್ನನ್ನು ಕರೆದಿದ್ದಳು. ಏನೂ ತೆಗೆಯಬೇಡ ಎಂದು ಈಗಷ್ಟೇ ಅತುಲನಿಗೆ ಹೇಳಿದೆ, ಇನ್ನು ಬದಲಿಸುವುದಿಲ್ಲ. ಮಂಗಳವಾರ ನಿತೀಶ ಕಂಪನಿ ಕೆಲಸಕ್ಕೆ ನಿಮ್ಮೂರಿನ ಚಿಕಲಠಾಣಾಕ್ಕೆ ಬರುವಾಗ ಸಿ.ಡಿ. ತರುತ್ತಾನೆ. ಕೇಳಿದ ಮೇಲೆ ಏನು ಬರೆಯಬೇಕೆನಿಸುತ್ತದೋ ಬರೆದು ಅವನ ಕೈಯಲ್ಲಿ ಕೊಡು. ಸಂಜೆಯವರೆಗೂ ಕಾಯಲು ಹೇಳಿದ್ದೇನೆ. ಅಂದು ಬರೆಯಲಾಗದಿದ್ದರೆ ಗುರುವಾರ ಅವನನ್ನು ಮತ್ತೆ ಕಳಿಸುತ್ತೇನೆ.