ನೀನು ಕಂಡದ್ದು ಆನೆಯ ಮೂಳೆಯೇ

ಆಲ್ಕಲಿ ವೆಲ್ಸ್, ನೆವಾಡಾ
೧೪ ಅಕ್ಟೋಬರ್ ೧೯೮೨

ಪ್ರೀತಿಯ ಬೆನ್ಯಾತ್,

ಹನ್ನೊಂದು ವರ್ಷದ ಮೇಲೆ ‘ಪ್ರೀತಿಯ’ ಎಂದು ಬರೆಯುವಾಗ ಕೈ ಒಂದು ಗಳಿಗೆ ತಡೆಯಿತು. ಬರೆದಾಗಿದೆ, ಹೊಡೆದುಹಾಕುವುದಿಲ್ಲ. ನೀನು ನನ್ನನ್ನು ಬಿಟ್ಟು ವಿನ್ನೆಮುಕ್ಕದ ಹೋಟೆಲಿಗೆ ಅಡುಗೆಯವನಾಗಿ ಹೋದ ಮೇಲೆ ನಾನು ಕಳಿಸಿದ್ದೆಲ್ಲ ಕ್ರಿಸ್‌ಮಸ್ ಕಾರ್ಡು, ಅದರಲ್ಲೂ ಬರೀ ಸಹಿ. ಇದು ಕಾಗದ. ಕೂತು ಓದು.

ನಿನ್ನ ಆನೆ ಸಿಕ್ಕಿದೆ.

ಆಗಸ್ಟ್ ಕೊನೆಯಲ್ಲಿ ಒಂದೇ ಸಂಜೆ ಹುಚ್ಚುಮಳೆ ಸುರಿದು, ಒಣಕೆರೆಯಂಗಳದ ಆಚೆಗಿನ ಕೊರಕಲಿನ ದಂಡೆ ಕುಸಿಯಿತು. ಮಾರನೆಯ ಬೆಳಿಗ್ಗೆ ನಾಲ್ಕು ಕುರಿ ಕಾಣಲಿಲ್ಲವೆಂದು ಕುದುರೆ ಹತ್ತಿ ಆ ಕಡೆ ಹೋದೆ. ದಂಡೆಯಿಂದ ಕಂದುಬಣ್ಣದ ಬಾಗಿದ ಬೊಡ್ಡೆಯೊಂದು ಹೊರಚಾಚಿತ್ತು. ನಲವತ್ತು ಮೈಲಿ ಸುತ್ತ ಒಂದು ಮರವಿಲ್ಲದ ಕಡೆ ಬೊಡ್ಡೆ ಎಲ್ಲಿಂದ ಬರಬೇಕು? ಇಳಿದು, ಉದುರಿದ್ದ ಚೂರೊಂದನ್ನು ನಾಲಿಗೆಗೆ ಒತ್ತಿದೆ. ಅಂಟಿಕೊಂಡಿತು. ಕಲ್ಲು ಅಂಟುವುದಿಲ್ಲ, ಹಳೆಯ ಮೂಳೆ ಅಂಟುತ್ತದೆ. ಹೇಳಿಕೊಟ್ಟವನು ನೀನೇ.

ಬಿಸಿಲಿಗೆ ಬಿರಿಯಬಾರದೆಂದು ಉಣ್ಣೆಯ ಗೋಣಿಗಳನ್ನು ನೆನೆಸಿ ಹೊದಿಸಿದೆ. ಅಂಗಡಿಗೆ ಹೋಗಿ ಮ್ಯೂಸಿಯಮ್ಮಿಗೆ ಫೋನ್ ಮಾಡಿದೆ. ಎರಡು ದಿನದಲ್ಲಿ ಬರುತ್ತೇವೆ ಎಂದರು. ಆದರೆ ಅಂಗಡಿಯಲ್ಲಿ ಆಡಿದ ಮಾತು ಅಂಗಡಿಯಲ್ಲೇ ಉಳಿಯುತ್ತದೆಯೇ? ನಾನು ದಂಡೆಗೆ ಮರಳಿದ್ದೆ, ಮಧ್ಯಾಹ್ನದ ಹೊತ್ತಿಗೆ ವೆಂಡೆಲ್ ಕ್ರೌಚ್ ಅಲ್ಲಿಗೇ ಲಾರಿ ತಂದು ನಿಲ್ಲಿಸಿದ. ಗೊತ್ತಲ್ಲ, ಬಾಣದ ಮೊನೆ, ಹಳೆಯ ಸೀಸೆ, ಎಲ್ಲ ಅಗೆದು ಮಾರುವವನು. ಕೈಯಲ್ಲಿ ಸರಪಣಿ ಇತ್ತು.

“ಗ್ರಾಸಿಯಾನ, ನೀನು ಹೋಗಿ ಕುರಿ ನೋಡ್ಕೊ. ಇದು ಗಂಡಸರ ಕೆಲಸ” ಅಂದ.

“ಕುರೀನೇ ನೋಡ್ಕೊಳ್ತಾ ಇದೀನಿ ವೆಂಡೆಲ್. ಟಗರೊಂದು ಸರಪಣಿ ಹಿಡ್ಕೊಂಡು ಬಂದಿದೆ” ಅಂದೆ.

“ದಂತ ಒಂದನ್ನ ಎಳ್ಕೊಂಡು ಹೋಗ್ತೀನಿ. ಉಳಿದಿದ್ದು ನಿನ್ ಮ್ಯೂಸಿಯಮ್ಮಿಗೇ ಇರ್ಲಿ.”

“ಇದು ಸರ್ಕಾರದ ನೆಲ. ನಿಂದೂ ಅಲ್ಲ, ನಂದೂ ಅಲ್ಲ. ಸರಪಣಿ ಹಾಕ್ಲೇಬೇಕು ಅಂದ್ರೆ ಮೊದ್ಲು ನನ್ ಸೊಂಟಕ್ಕೆ ಹಾಕು.”

ಹಾಗೆ ಹೇಳಿ ಗೋಣಿಗಳ ಮುಂದೆ ಕೂತುಬಿಟ್ಟೆ. ಅವನು ಲಾರಿಯ ನೆರಳಲ್ಲಿ ಒಂದು ತಾಸು ಕಾದ. ನಾನು ಬ್ರೆಡ್ಡು ಮುರಿದು ನಾಯಿಗೆ ಅರ್ಧ ಕೊಟ್ಟು ತಿಂದೆ, ಅವನಿಗೆ ಕೊಡಲಿಲ್ಲ. ಕೊನೆಗೆ ಬೈದುಕೊಂಡು ಹೋದ. ಮ್ಯೂಸಿಯಮ್ಮಿನವರು ಬರುವ ತನಕ ನಾನು ಅಲ್ಲಿಂದ ಕದಲಲಿಲ್ಲ.

ಬಂದವರಿಗೆ ಯಜಮಾನಿ ಡಾಕ್ಟರ್ ನಾರ್ಡ್‌ಬಿ ಎಂಬಾಕೆ, ಜೊತೆಗೆ ಏಳು ವಿದ್ಯಾರ್ಥಿಗಳು. ಐದು ವಾರ ಬ್ರಶ್ಶಿನಲ್ಲಿ ಮಣ್ಣು ಬಿಡಿಸಿದರು. ದಂತ ಒಂಬತ್ತು ಅಡಿ. ತೊಡೆಯ ಮೂಳೆ ನನ್ನ ಎದೆಮಟ್ಟ. ದವಡೆ ಹಲ್ಲು ಬಟ್ಟೆ ತಿಕ್ಕುವ ಹಲಗೆಯಂತೆ ಏಣು ಏಣು. ಮ್ಯಾಮತ್ ಎನ್ನುತ್ತಾರೆ, ಈಗ ಅಳಿದುಹೋದ ಹಿಂದಿನ ಕಾಲದ ಆನೆ, ಗಂಡು, ವಯಸ್ಸು ನಲವತ್ತರ ಆಸುಪಾಸು. ಕೆರೆ ಬತ್ತುತ್ತಿದ್ದಾಗ ನೀರಿಗೆ ಬಂದು ಕೆಸರಲ್ಲಿ ಹೂತುಕೊಂಡಿತಂತೆ, ಹದಿಮೂರು ಸಾವಿರ ವರ್ಷದ ಹಿಂದೆ. ತಲೆಬುರುಡೆ ಬಿಡಿಸಿದ ದಿನ ವಿದ್ಯಾರ್ಥಿಗಳೆಲ್ಲ ಬ್ರಶ್ಶು ಕೆಳಗಿಟ್ಟು ಸುತ್ತ ಬಂದು ನಿಂತರು. ನನಗೆ ನೀನು ಅಲ್ಲಿರಬೇಕಿತ್ತು ಅನ್ನಿಸಿತು.

ಭಾನುವಾರ ಕುರಿಗಾಹಿಗಳ ಬೋರ್ಡಿಂಗ್ ಮನೆಯ ಊಟದ ಮೇಜಿನಲ್ಲಿ, ಸೂಪು ಮುಗಿದು ಮಾಂಸ ಬರುವ ಮೊದಲು, ಎದ್ದು ನಿಂತೆ. ಅರವತ್ತೊಂಬತ್ತರಲ್ಲಿ ನೀನು ಅದೇ ಮೇಜಿನಲ್ಲಿ “ಮರಳುಗಾಡಲ್ಲಿ ಆನೆ ಮೂಳೆ ಕಂಡೆ” ಎಂದಾಗ ನಕ್ಕವರಲ್ಲಿ ಆರು ಜನ ಇನ್ನೂ ಬದುಕಿದ್ದಾರೆ. ಎಲ್ಲರಿಗೂ ಹೇಳಿದೆ. ಮುದುಕ ಮತಿಯಾಸ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. “ಅಯ್ಯೋ, ಪಾಪದವನನ್ನ ನಾವು ಎಷ್ಟು ಆಡ್ಕೊಂಡ್ವಿ” ಅಂದ.

“ನಾವು ಅನ್ಬೇಡ. ಮೊದ್ಲು ನಕ್ಕವಳು ನಾನು” ಅಂದೆ.

ಆ ಮಧ್ಯಾಹ್ನ ಯಾರೂ ಇಸ್ಪೀಟು ಆಡಲಿಲ್ಲ.

ಇಷ್ಟನ್ನೇ ಬರೆದು ಲಕೋಟೆ ಅಂಟಿಸಬಹುದಿತ್ತು. ಆದರೆ ನಕ್ಕದ್ದು ನನ್ನ ದೊಡ್ಡ ತಪ್ಪಲ್ಲ, ಬೆನ್ಯಾತ್. ಎಪ್ಪತ್ತರ ವಸಂತದಲ್ಲಿ ನೀನು ಮಂದೆ ಹೊಡೆದುಕೊಂಡು ಬೆಟ್ಟಕ್ಕೆ ಹೋಗಿದ್ದೆಯಲ್ಲ, ಆಗ ಗಾಳಿಗೆ ಮರಳು ಸರಿದು ಆ ದಂಡೆಯಲ್ಲಿ ಅಂಗೈಯಗಲ ಮೂಳೆ ಕಂಡಿತ್ತು. ನಾನು ನೋಡಿದೆ. ಅದೇನೆಂದು ತಿಳಿಯಿತು. ನಿಂತು ನೋಡಿ, ಬೂಟಿನಿಂದ ಮರಳು ತಳ್ಳಿ ಮುಚ್ಚಿ ಮನೆಗೆ ಬಂದೆ. ಮೊದಲ ಸಲ ಕಂಡ ಜಾಗದ ಗುರುತು ಸಿಗದೆ ನೀನು ಮತ್ತೆ ಮತ್ತೆ ಹುಡುಕಿ ಬರಿಗೈಲಿ ಬಂದಾಗ ಬಿಸಿನೀರು ಕಾಯಿಸಿ ಕೊಟ್ಟೆನೇ ಹೊರತು ಬಾಯಿ ಬಿಡಲಿಲ್ಲ. ನಿನ್ನ ಮಾತು ಸರಿಯಾದರೆ ನನ್ನದು ತಪ್ಪಾಗುತ್ತಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಒಬ್ಬರು ಸರಿಯಿರುವಷ್ಟೇ ಜಾಗವಿತ್ತು.

ಕ್ಷಮಿಸು. ಒಂದು ಸಲ ಬರೆಯುತ್ತೇನೆ, ಮನಸಾರೆ. ಎರಡು ಸಲ ಬರೆಯುವವಳಲ್ಲ, ನಿನಗೆ ಗೊತ್ತು.

ಮೊದಲು ಕಂಡವರ ಹೆಸರು ಬರೆಸಿ ಎಂದು ಡಾಕ್ಟರ್ ದಾಖಲೆ ಪುಸ್ತಕ ತೆರೆದರು. ಬೆನ್ಯಾತ್ ಇತುರ್ರಾಲ್ದೆ, ೧೯೬೯ ಎಂದು ಬರೆಸಿದೆ. “ಮುಚ್ಚಿಟ್ಟವರ ಹೆಸರಿಗೆ ಜಾಗ ಇಲ್ವಾ?” ಎಂದು ಕೇಳಿದೆ. ಆಕೆ ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. ಪುಸ್ತಕಕ್ಕೆ ಹೋಗದ್ದನ್ನು ನಿನಗೆ ಬರೆದಿದ್ದೇನೆ.

ಇಂದಿಗೂ ನಿನ್ನ ಮನೆತನದ ಹೆಸರಲ್ಲೇ ಸಹಿ ಹಾಕುವ,
ಗ್ರಾಸಿಯಾನ ಇತುರ್ರಾಲ್ದೆ

ತಾ.ಕ.: ಹಿಂಗಾಲುಗಳು ಇನ್ನೂ ದಂಡೆಯೊಳಗಿವೆ. ಮೇ ತಿಂಗಳಲ್ಲಿ ಹದಿನಾರು ಜನ ಬರುತ್ತಾರೆ, ಅಡುಗೆಯವನು ಬೇಕಂತೆ. ವಿನ್ನೆಮುಕ್ಕದ ಹೋಟೆಲಿನಲ್ಲಿ ಒಬ್ಬನಿದ್ದಾನೆ, ನೆಲದಲ್ಲಿ ಗುಂಡಿ ತೋಡಿ ಬ್ರೆಡ್ಡು ಸುಡುತ್ತಾನೆ, ಖಂಡಿತ ಬರುತ್ತಾನೆ ಎಂದುಬಿಟ್ಟೆ. ಅವನಿಗೆ ಬೇರೆ ಡೇರೆ ಹಾಕಿಸುತ್ತೇವೆ ಎಂದರು. ಬೇಡ ಎಂದೆ.